ಏಸ್ ಅಟಾರ್ನಿ ಸರಣಿಯಲ್ಲಿ ನಿಮಗೆ ಅತ್ಯಂತ ಇಷ್ಟವಾದ ಪ್ರಕರಣ ಯಾವುದು, ಮತ್ತು ಏಕೆ?

ಒಂದೇ ಪ್ರಕರಣವನ್ನು ಆರಿಸಬೇಕೆಂದು ನೀವು ಕೇಳಿರುವುದರಿಂದ ಹೆಚ್ಚು ಯೋಚಿಸದೆ ಹೇಳಿಬಿಡುತ್ತೇನೆ: ನ್ಯಾಯಾಲಯದ ಮೊಕದ್ದಮೆಗಳನ್ನೇ ಆಡಿಸುವ ಈ ವಿಡಿಯೊ ಗೇಮ್ ಸರಣಿಯ ಎರಡನೆಯ ಆಟವಾದ ‘ಜಸ್ಟಿಸ್ ಫಾರ್ ಆಲ್’ನ ಕೊನೆಯ ಪ್ರಕರಣ, ‘ಫೇರ್‌ವೆಲ್, ಮೈ ಟರ್ನ್‌ಅಬೌಟ್’. ಏಕೆಂಬುದನ್ನು ವಿವರಿಸಲು ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಬೇರೆ ದಾರಿಯಿಲ್ಲ. ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸಿ, ಆಡಿ ಮುಗಿಸಿದ ಮೇಲೆ ಮುಂದೆ ಓದುವುದು ಒಳ್ಳೆಯದು.

ಶು ತಕುಮಿ ಕ್ಯಾಪ್‌ಕಾಮ್ ಸಂಸ್ಥೆಗಾಗಿ ಬರೆದ ಈ ಆಟ ಜಪಾನಿನಲ್ಲಿ 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಬಂದಿತು. ಈ ಪ್ರಕರಣಕ್ಕೆ ಬರುವಷ್ಟರಲ್ಲಿ ಆಟಗಾರನಿಗೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿರುತ್ತದೆ: ವಕೀಲ ಫೀನಿಕ್ಸ್ ರೈಟ್‌ನ ಕಕ್ಷಿದಾರ ಕೊಲೆಗಾರನಾಗಿರಲಾರ. ಸಾಕ್ಷ್ಯವೆಲ್ಲ ಕಕ್ಷಿದಾರನ ವಿರುದ್ಧವಿದ್ದರೂ, ಪಾಟೀಸವಾಲಿನಲ್ಲಿ ಸಾಕ್ಷಿಯ ಸುಳ್ಳನ್ನು ಹಿಡಿದು, ನಿಜವಾದ ಅಪರಾಧಿಯನ್ನು ಕಟಕಟೆಗೆ ತಂದು, ಖುಲಾಸೆಯ ತೀರ್ಪು ಪಡೆಯುವುದೇ ಆಟ. ಈ ಸರಣಿಯ ನ್ಯಾಯಾಲಯದಲ್ಲಿ ವಿಚಾರಣೆಗೆ ಮೂರೇ ದಿನದ ಗಡುವು, ಆರೋಪಿಯ ಕಡೆಗೆ ಎಲ್ಲರ ತಾತ್ಸಾರ. ನಿಜಜೀವನದ ಜಪಾನಿನಲ್ಲಿ ವಿಚಾರಣೆಗೆ ಬಂದ ಆರೋಪಿಗಳು ಅಪರಾಧಿಗಳೆಂದು ತೀರ್ಮಾನವಾಗುವ ಪ್ರಮಾಣ ಶೇ 99ಕ್ಕೂ ಹೆಚ್ಚು ಎಂಬುದರ ನೆರಳು ಇಲ್ಲಿ ಬಿದ್ದಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಅಂತಹ ಲೋಕದಲ್ಲಿ ಖುಲಾಸೆ ಎಂದರೆ ಪವಾಡ. ಆ ಪವಾಡವನ್ನೇ ಆಟಗಾರ ಭಯಪಡಬೇಕಾದ ಸಂಗತಿಯಾಗಿ ತಿರುಗಿಸುತ್ತದೆ ಎಂಬ ಕಾರಣಕ್ಕೆ ಈ ಪ್ರಕರಣ ನನಗೆ ಇಷ್ಟ.

ಕಥೆ ಹೀಗಿದೆ. ಟಿವಿ ಸಾಹಸ ಧಾರಾವಾಹಿಯ ನಾಯಕ ಮ್ಯಾಟ್ ಎನ್‌ಗಾರ್ಡ್ ಮೇಲೆ, ಪ್ರತಿಸ್ಪರ್ಧಿ ನಟ ಹುವಾನ್ ಕೊರಿಡಾನನ್ನು ಹೋಟೆಲಿನಲ್ಲಿ ಕೊಂದ ಆರೋಪ ಬರುತ್ತದೆ. ಅದೇ ಹೋಟೆಲಿನಿಂದ ಫೀನಿಕ್ಸ್‌ನ ಸಹಾಯಕಿ ಮಾಯಾ ಫೇಯನ್ನು ಶೆಲ್ಲಿ ಡಿ ಕಿಲ್ಲರ್ ಎಂಬ ಸುಪಾರಿ ಹಂತಕ ಅಪಹರಿಸುತ್ತಾನೆ. ಅವನ ಷರತ್ತು ಒಂದೇ: ಎನ್‌ಗಾರ್ಡ್ ಖುಲಾಸೆಯಾಗಬೇಕು, ಇಲ್ಲದಿದ್ದರೆ ಮಾಯಾ ಉಳಿಯುವುದಿಲ್ಲ.

ಈ ಎರಡನೆಯ ಆಟದಲ್ಲಿ ಫೀನಿಕ್ಸ್‌ಗೆ ಮಗತಾಮ ಎಂಬ ಹರಳು ಸಿಕ್ಕಿರುತ್ತದೆ. ಎದುರಿಗಿರುವವರು ಏನನ್ನಾದರೂ ಮುಚ್ಚಿಡುತ್ತಿದ್ದರೆ ಅವರ ಸುತ್ತ ಸರಪಳಿಗಳೂ ಬೀಗಗಳೂ ಕಾಣಿಸಿಕೊಳ್ಳುತ್ತವೆ. ಬಂಧನದಲ್ಲಿರುವ ಎನ್‌ಗಾರ್ಡ್‌ನನ್ನು ಭೇಟಿಯಾದ ಫೀನಿಕ್ಸ್, ಹರಳನ್ನು ಹಿಡಿದು, ಕೊರಿಡಾನನ್ನು ನೀನು ಕೊಂದೆಯಾ ಎಂದು ನೇರವಾಗಿ ಕೇಳುತ್ತಾನೆ. ತಾನು ಯಾರನ್ನೂ ಕೊಂದಿಲ್ಲ ಎಂದು ಅವನು ಹೇಳುತ್ತಾನೆ. ಒಂದು ಬೀಗವೂ ಕಾಣುವುದಿಲ್ಲ. ಫೀನಿಕ್ಸ್‌ನ ಜೊತೆಗೆ ನಾನೂ ನಿಟ್ಟುಸಿರುಬಿಟ್ಟಿದ್ದೆ. ಆ ಉತ್ತರ ಅಕ್ಷರಶಃ ನಿಜವೇ ಆಗಿತ್ತು, ಆದರೆ ಧರ್ಮರಾಯನ ‘ಅಶ್ವತ್ಥಾಮ’ನಂತೆ ಅದು ಅರ್ಧಸತ್ಯ: ಕೊಂದವನು ಡಿ ಕಿಲ್ಲರ್, ಸುಪಾರಿ ಕೊಟ್ಟವನು ಎನ್‌ಗಾರ್ಡ್. ಹರಳು ಸುಳ್ಳು ಹೇಳಲಿಲ್ಲ, ಆಟವೂ ನಮಗೆ ಮೋಸ ಮಾಡಲಿಲ್ಲ. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಪತ್ತೇದಾರಿ ಕಥೆಯಲ್ಲಿ ಓದುಗನನ್ನು ಇಷ್ಟು ಪ್ರಾಮಾಣಿಕವಾಗಿ ಬೀಳಿಸಿದ ಇನ್ನೊಂದು ತಂತ್ರ ನನಗೆ ತಟ್ಟನೆ ನೆನಪಾಗುವುದಿಲ್ಲ.

ನಿಜವಾದ ಸಂಕಟ ಶುರುವಾಗುವುದು ಇದರ ನಂತರ. ಎನ್‌ಗಾರ್ಡ್‌ನ ಮ್ಯಾನೇಜರ್ ಏಡ್ರಿಯನ್ ಆಂಡ್ರೂಸ್ ಕೊಲೆ ಮಾಡಿಲ್ಲ; ಶವವನ್ನು ಮೊದಲು ಕಂಡಾಗ, ಎನ್‌ಗಾರ್ಡ್‌ನ ಬೆರಳಚ್ಚಿದ್ದ ಚಾಕುವನ್ನು ಅದರ ಎದೆಗೆ ಚುಚ್ಚಿ ಅವನ ಮೇಲೆ ಅನುಮಾನ ತಿರುಗುವಂತೆ ಮಾಡಿದ್ದಳು, ಅಷ್ಟೆ. ಇದು ಗೊತ್ತಿದ್ದೂ, ಮಾಯಾಳ ಪ್ರಾಣ ಉಳಿಸಲು ಸಮಯ ಬೇಕಾದ ಫೀನಿಕ್ಸ್ ಅವಳತ್ತಲೇ ಬೆರಳು ತೋರಿಸಬೇಕಾಗುತ್ತದೆ. ಹಿಂದಿನ ಪ್ರಕರಣಗಳಲ್ಲಿ ಖುಷಿಯಿಂದ ಒತ್ತುತ್ತಿದ್ದ ಆಕ್ಷೇಪಣೆಯ ಗುಂಡಿಯನ್ನು ಇಲ್ಲಿ ನಾನು ಒತ್ತಿದ್ದು ನಾಚಿಕೆಯಿಂದ. ಇನ್ನೊಂದು ದೃಶ್ಯದಲ್ಲಿ ಸ್ವತಃ ಹಂತಕನೇ ರೇಡಿಯೊ ಮೂಲಕ ಸಾಕ್ಷಿ ನುಡಿಯುತ್ತಾನೆ. ತನಗೆ ಕೆಲಸ ಒಪ್ಪಿಸಿದ್ದು ಏಡ್ರಿಯನ್ ಎನ್ನುತ್ತಾನೆ, ಆದರೆ ಅವಳನ್ನು ಗಂಡಸೆಂದು ತಿಳಿದು ಮಾತಾಡಿ ಸಿಕ್ಕಿಬೀಳುತ್ತಾನೆ. ಬೇರೆ ಯಾವ ಪ್ರಕರಣದಲ್ಲಾದರೂ ಅಂತಹ ತಪ್ಪು ಕೈಗೆ ಸಿಕ್ಕರೆ ಕುಣಿದಾಡುತ್ತಿದ್ದೆವು. ಇಲ್ಲಿ ಆ ಸುಳ್ಳು ಬಯಲಾದಷ್ಟೂ ಮಾಯಾ ಸಾವಿಗೆ ಹತ್ತಿರವಾಗುತ್ತಾಳೆ.

ಮೊದಲ ಆಟದಲ್ಲಿ ಫೀನಿಕ್ಸ್‌ನ ಎದುರಾಳಿಯಾಗಿದ್ದ ಪ್ರಾಸಿಕ್ಯೂಟರ್ ಮೈಲ್ಸ್ ಎಡ್ಜ್‌ವರ್ತ್‌ನ ಮರಳುವಿಕೆಯನ್ನೂ ಹೇಳಲೇಬೇಕು. ಸಾವನ್ನು ಆರಿಸಿಕೊಂಡೆ ಎಂಬ ಚೀಟಿ ಬರೆದಿಟ್ಟು ಕಾಣೆಯಾಗಿದ್ದ ಅವನ ಹೆಸರೆತ್ತಿದರೆ ಸಾಕು, ಫೀನಿಕ್ಸ್ ಆಟದುದ್ದಕ್ಕೂ ಕಹಿಯಾಗುತ್ತಾನೆ. ಪ್ರಾಸಿಕ್ಯೂಟರ್ ಫ್ರಾನ್ಜಿಸ್ಕಾ ಫಾನ್ ಕಾರ್ಮಾ ಗುಂಡೇಟು ತಿಂದು ಆಸ್ಪತ್ರೆ ಸೇರಿದಾಗ ಅವಳ ಜಾಗಕ್ಕೆ ಬರುವವನು ಅವನೇ. ಇಬ್ಬರೂ ಸೇರಿ ವಿಚಾರಣೆಯನ್ನು ಬೇಕೆಂದೇ ಎಳೆಯುತ್ತಾರೆ, ಹೊರಗೆ ಪೊಲೀಸರು ಹಂತಕನನ್ನು ಹುಡುಕಲಿ ಎಂದು. ವಕೀಲನೂ ಪ್ರಾಸಿಕ್ಯೂಟರನೂ ಗೆಲ್ಲಲು ಬಂದವರಲ್ಲ, ಸತ್ಯವನ್ನು ಎರಡು ಕಡೆಯಿಂದ ಅಗೆಯುವವರು ಎಂಬ ಎಡ್ಜ್‌ವರ್ತ್‌ನ ನಿಲುವು ಭಾಷಣವಾಗಿ ಉಳಿಯದೆ ಇಲ್ಲಿ ಕೆಲಸದಲ್ಲಿ ಕಾಣುತ್ತದೆ.

ಕೊನೆಯ ಹೊತ್ತಿಗೆ ಅಪರಾಧಿ, ನಿರಪರಾಧಿ ಎಂಬ ಎರಡು ಆಯ್ಕೆಗಳನ್ನು ಆಟ ನಮ್ಮೆದುರು ಇಡುತ್ತದೆ. ಯಾವುದನ್ನು ಒತ್ತಿದರೂ ಕಥೆ ಒಂದೇ ದಾರಿಯಲ್ಲಿ ಸಾಗುತ್ತದೆಂದು ಆಮೇಲೆ ತಿಳಿಯಿತು, ಆದರೆ ಆ ಕ್ಷಣದಲ್ಲಿ ನಾನು ಯಂತ್ರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಬಿಡಿಸಿದ ಗಂಟು ಸೊಗಸಾಗಿದೆ. ಮುಂದೆ ಡಿ ಕಿಲ್ಲರ್‌ನನ್ನೇ ಬೆದರಿಸಲು ಬೇಕಾಗಬಹುದೆಂದು ಎನ್‌ಗಾರ್ಡ್ ಕೊಲೆಯನ್ನು ಗೊಂಬೆ ಕರಡಿಯೊಳಗಿನ ಕ್ಯಾಮೆರಾದಲ್ಲಿ ಗುಟ್ಟಾಗಿ ಸೆರೆಹಿಡಿದಿರುತ್ತಾನೆ. ಕಕ್ಷಿದಾರರ ವಿಶ್ವಾಸವೇ ತನ್ನ ವೃತ್ತಿಧರ್ಮ ಎನ್ನುವ ಹಂತಕನಿಗೆ ಫೀನಿಕ್ಸ್ ಈ ವಿಷಯ ತಿಳಿಸುತ್ತಾನೆ. ಒಪ್ಪಂದ ಮುರಿದುಬೀಳುತ್ತದೆ, ಡಿ ಕಿಲ್ಲರ್‌ನ ಮುಂದಿನ ಗುರಿ ಎನ್‌ಗಾರ್ಡ್ ಆಗುತ್ತಾನೆ. ಖುಲಾಸೆಯಾದರೆ ಹೊರಗೆ ಸಾವು ಕಾದಿದೆ. ತಾನು ಅಪರಾಧಿ ಎಂದು ತೀರ್ಪು ಕೊಡಿ ಎಂದು ಎನ್‌ಗಾರ್ಡ್ ತಾನೇ ಅರಚುತ್ತಾನೆ.

ದೋಷಗಳಿಲ್ಲವೆಂದಲ್ಲ. ತನಿಖೆಯ ಭಾಗದಲ್ಲಿ ಅದೇ ನಾಲ್ಕಾರು ಕೋಣೆಗಳನ್ನು ಮತ್ತೆ ಮತ್ತೆ ಸುತ್ತಿಸುತ್ತಾರೆ, ಇದಕ್ಕೆ ಮುಂಚಿನ ಸರ್ಕಸ್ ಪ್ರಕರಣವನ್ನು ದಾಟಿ ಬರುವುದಕ್ಕೂ ತಾಳ್ಮೆ ಬೇಕು. ಮೊದಲ ಮೂರು ಆಟಗಳ ಸಂಪುಟ 2019ರಿಂದ ಪಿಸಿ, ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಲಭ್ಯವಿದೆ. ಆಡುವುದಾದರೆ ಮೊದಲ ಆಟದಿಂದಲೇ ಶುರುಮಾಡಿ; ಅಲ್ಲಿನ ನಾಲ್ಕನೆಯ ಪ್ರಕರಣವನ್ನು ಆಡದೆ ಬಂದವರಿಗೆ, ಎಡ್ಜ್‌ವರ್ತ್ ಬಾಗಿಲಲ್ಲಿ ಕಾಣಿಸಿಕೊಂಡಾಗ ಫೀನಿಕ್ಸ್‌ಗೆ ಅಷ್ಟೊಂದು ಸಿಟ್ಟು ಏಕೆ ಬಂತೆಂಬುದೇ ಅರ್ಥವಾಗುವುದಿಲ್ಲ.