ಚೀಲದಲ್ಲಿದ್ದ ಕಪ್ಪು ಚೆಂಡು 3 ಹೇಗೆ, 6 ಏಕಲ್ಲ?

ನಿಮ್ಮ ಲೆಕ್ಕ ಇದು: ಚೀಲದಲ್ಲಿ 12 ಚೆಂಡುಗಳಿವೆ, ಕೆಲವು ಕಪ್ಪು. ಇನ್ನೂ 6 ಕಪ್ಪು ಚೆಂಡು ಹಾಕಿದರೆ ಕಪ್ಪು ಸಿಗುವ ಸಂಭವನೀಯತೆ ಮೊದಲಿನ ಎರಡರಷ್ಟಾಗುತ್ತದೆ. ಹಾಗಾದರೆ ಮೊದಲು ಇದ್ದ ಕಪ್ಪು ಚೆಂಡು ಎಷ್ಟು? ನಿಮಗೆ 6 ಬಂದಿದೆ, ಪುಸ್ತಕದ ಕೊನೆಯಲ್ಲಿ 3 ಎಂದಿದೆ. ಪುಸ್ತಕದ್ದೇ ಸರಿ. ಆದರೆ ನಿಮ್ಮ 6 ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಹತ್ತನೆಯ ತರಗತಿಯಲ್ಲಿ ನನಗೂ ಅದೇ ಬಂದಿತ್ತು.

ಕಪ್ಪು ಚೆಂಡುಗಳ ಸಂಖ್ಯೆ ‘ಕ’ ಎಂದುಕೊಳ್ಳೋಣ. (ಇದೇನು ಹೊಸ ಚಾಳಿಯಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಅವ್ಯಕ್ತ ಸಂಖ್ಯೆಗಳನ್ನು ಕಾಲಕ, ನೀಲಕ, ಪೀತಕ ಎಂದು ಬಣ್ಣದ ಹೆಸರುಗಳಿಂದಲೇ ಗುರುತಿಸುತ್ತಿದ್ದರು. ಕಾಲಕ ಎಂದರೆ ಕಪ್ಪೇ.)

ಮೊದಲಿನ ಸಂಭವನೀಯತೆ ಕ/12. ಆರು ಚೆಂಡು ಹಾಕಿದ ಮೇಲೆ ಅಂಶ ಕ + 6 ಆಗುತ್ತದೆ. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಛೇದವನ್ನು ಮಾತ್ರ 12 ಎಂದೇ ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟರೆ ಕ + 6 = 2ಕ, ಅಂದರೆ ಕ = 6. ಹೊಸ ಚೆಂಡುಗಳು ಕಪ್ಪಿನ ಲೆಕ್ಕಕ್ಕೂ ಸೇರುತ್ತವೆ, ಚೀಲದ ಒಟ್ಟು ಲೆಕ್ಕಕ್ಕೂ ಸೇರುತ್ತವೆ. ಛೇದ 18 ಆಗಬೇಕು.

(ಕ + 6)/18 = 2 × ಕ/12
(ಕ + 6)/18 = ಕ/6
ಎರಡೂ ಬದಿಯನ್ನು 18ರಿಂದ ಗುಣಿಸಿದರೆ ಕ + 6 = 3ಕ
2ಕ = 6, ಕ = 3

ಓರೆ ಗುಣಾಕಾರ ಮಾಡಿದರೂ ಇದೇ ಬರುತ್ತದೆ, ಸಂಖ್ಯೆಗಳು ಸುಮ್ಮನೆ ದೊಡ್ಡದಾಗುತ್ತವೆ ಅಷ್ಟೆ.

ನಂಬಿಕೆ ಬಾರದಿದ್ದರೆ ಅಡುಗೆಮನೆಗೆ ಹೋಗಿ. ನಾನು ಒಂದು ಲೋಟಕ್ಕೆ 3 ಹುಣಸೆ ಬೀಜ, 9 ಅವರೆಕಾಳು ಹಾಕಿ ನೋಡಿದ್ದೆ. ಹನ್ನೆರಡರಲ್ಲಿ ಮೂರು, ಅಂದರೆ ಕಾಲು ಭಾಗ. ಇನ್ನೂ 6 ಹುಣಸೆ ಬೀಜ ಸುರಿದರೆ ಬೀಜ 9, ಕಾಳು 9. ಸರಿಯಾಗಿ ಅರ್ಧ. ಈಗ ನಿಮ್ಮ 6ನ್ನು ಪರೀಕ್ಷಿಸಿ. ಮೊದಲೇ ಅರ್ಧ ಕಪ್ಪು. ಅದರ ಎರಡರಷ್ಟು ಎಂದರೆ 1, ಅಂದರೆ ಚೀಲದಲ್ಲಿ ಕಪ್ಪು ಬಿಟ್ಟು ಬೇರೇನೂ ಇರಬಾರದು. ಉಳಿದ ಆರು ಚೆಂಡುಗಳು ಎಲ್ಲಿಗೆ ಹೋದವು?

ಅಭ್ಯಾಸಕ್ಕೆ, ಹಾಕುವ ಚೆಂಡು 6ರ ಬದಲು 3 ಎಂದು ಮಾಡಿ ನೋಡಿ; ಕ = 2 ಬರಬೇಕು. 4 ಎಂದು ಮಾತ್ರ ಮಾಡಬೇಡಿ, ಉತ್ತರ 2.4 ಬಂದು ಚೆಂಡು ಕೊಯ್ಯಬೇಕಾಗುತ್ತದೆ.