ರಸಾಯನಶಾಸ್ತ್ರದ ಪದವಿಯ ನಂತರ ವಿಧಿವಿಜ್ಞಾನ
ಹುಬ್ಬಳ್ಳಿಯವರಾದ ತಾವು, ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಅಪರಾಧ ತನಿಖೆಗೆ ನೆರವಾಗುವ ವಿಧಿವಿಜ್ಞಾನದಲ್ಲಿ (ಫೊರೆನ್ಸಿಕ್ ಸೈನ್ಸ್) ಎಂ.ಎಸ್ಸಿ. ಮಾಡಿದರೆ ಕೆಲಸ ದೊರೆಯುವುದೇ ಎಂದು ಕೇಳಿದ್ದೀರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು (ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಕಾನೂನು), 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸಿ, ಅದಕ್ಕೆ ಸಿದ್ಧರಾಗಲು ರಾಜ್ಯಗಳಿಗೆ 5 ವರ್ಷಗಳ ಅವಕಾಶ ನೀಡಿರುವುದರಿಂದ, ತಜ್ಞರ ಬೇಡಿಕೆ ಹೆಚ್ಚುವುದು ಸಹಜ. ಸರ್ಕಾರಿ ನೇಮಕಾತಿಯ ವೇಗವಂತೂ ತಮಗೆ ತಿಳಿದದ್ದೇ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಮುಖ್ಯ ಕೇಂದ್ರ ಗಾಂಧಿನಗರದಲ್ಲಿದ್ದರೂ ಧಾರವಾಡದಲ್ಲಿ ಅದರ ಆವರಣವಿದೆ. ಸಾಮಾನ್ಯ ವಿಧಿವಿಜ್ಞಾನಕ್ಕಿಂತ ವಿಷವಿಜ್ಞಾನದ ಕಡೆಗೆ ಒಲಿಯುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳಲ್ಲಿ ಕೈ ಪಳಗಿದವರಿಗೆ ಔಷಧ ಕಂಪನಿಗಳ ಬಾಗಿಲೂ ತೆರೆದಿರುತ್ತದೆ.