ಅಜ್ಜಿ ಮುಟ್ಟಿ ನೋಡಿದ ಹೆಗಲು

ಆತ್ಮೀಯ ಲೇಖಕರೇ,

ನೀವು ಕಳಿಸಿದ ‘ಗತವೈಭವದ ಕುಮಟೆ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಐದನೇ ಪುಟದ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ. ಆ ವಾಕ್ಯ ಇಲ್ಲದಿದ್ದರೆ ‘ಪ್ರಕಟಿಸಲು ಆಗುತ್ತಿಲ್ಲ, ಕ್ಷಮಿಸಿ’ ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದೆ. ಅದು ಇರುವುದರಿಂದ ಇಷ್ಟುದ್ದದ ಪತ್ರ.

ಭಾಷೆ ಸರಾಗವಾಗಿದೆ, ಕಾಗುಣಿತ ಶುದ್ಧವಾಗಿದೆ, ಹುಟ್ಟಿದೂರಿನ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ದೇವಸ್ಥಾನಗಳ ಭಾಗ, ಯಕ್ಷಗಾನದ ಭಾಗಗಳ ಬಗ್ಗೆ ಈ ಪತ್ರದಲ್ಲಿ ಏನೂ ಹೇಳುವುದಿಲ್ಲ. ನನ್ನನ್ನು ಕೆಣಕಿದ್ದು ಬಂದರಿನ ಭಾಗ. ನೇರ ಅಲ್ಲಿಗೇ ಬರುತ್ತೇನೆ.

ನಿಮ್ಮ ವಾಕ್ಯ: “ಒಂದು ಕಾಲದಲ್ಲಿ ಕುಮಟೆಯ ಹೊಲಗಳಲ್ಲಿ ಬಿಳಿ ಬಂಗಾರ ನಳನಳಿಸುತ್ತಿತ್ತು ಎನ್ನಲಾಗಿದ್ದು, ಇಲ್ಲಿನ ಹತ್ತಿ ಲಂಡನ್ನಿನಲ್ಲೂ ಮನೆಮಾತಾಗಿತ್ತು.”

ಇದನ್ನು ಬರೆಯುವ ಮುಂಚೆ ಒಮ್ಮೆ ಕಿಟಕಿಯಿಂದ ಹೊರಗೆ ನೋಡಬೇಕಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ನಿಮ್ಮದು. ಕೆಂಪು ಜಂಬಿಟ್ಟಿಗೆಯ ನೆಲ, ಭತ್ತದ ಗದ್ದೆ, ತೆಂಗಿನ ತೋಟ. ಅಲ್ಲಿ ಹತ್ತಿ ಎಲ್ಲಿಂದ ನಳನಳಿಸಬೇಕು? ‘ಕುಮಟಾ ಹತ್ತಿ’ ಎಂಬ ಹೆಸರು ನಿಜ. ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ಅದು ಓಡಾಡಿದ್ದೂ ನಿಜ. ಆದರೆ ಆ ಹತ್ತಿ ಬೆಳೆದದ್ದು ಘಟ್ಟದ ಮೇಲೆ, ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಎತ್ತು, ಗಾಡಿಗಳ ಮೇಲೆ ಅಂಡಿಗೆ ಅಂಡಿಗೆಯಾಗಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ನಿಮ್ಮೂರಿನ ಬಂದರು ಧಕ್ಕೆಯಲ್ಲಿ ಮುಂಬಯಿಯ ಹಡಗು ಹತ್ತುತ್ತಿತ್ತು. ಬೆಳೆದ ಊರನ್ನು ದೂರದ ಪೇಟೆಯವರು ನೋಡಿರಲಿಲ್ಲ. ಹಡಗು ಎಲ್ಲಿಂದ ಬಂತೋ ಆ ಊರಿನ ಹೆಸರನ್ನೇ ಸರಕಿಗೂ ಇಟ್ಟರು. ಯೆಮೆನ್ ದೇಶದ ಮೋಕಾ ಬಂದರಿನ ಹೆಸರು ಕಾಫಿಗೆ ಅಂಟಿಕೊಂಡದ್ದೂ ಹೀಗೆಯೇ. ಇನ್ನೂ ಸ್ವಾರಸ್ಯವೆಂದರೆ, ಅಮೆರಿಕದಿಂದ ಬೀಜ ತಂದು ಆ ಹೊಲಗಳಲ್ಲೇ ಬೆಳೆಸಿದ ಹತ್ತಿಗೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಬಿತ್ತು, ಅಲ್ಲಿನ ಜವಾರಿ ಹತ್ತಿಗೆ ಕುಮಟೆಯ ಹೆಸರು ಉಳಿಯಿತು. ಪರದೇಶದ ಬೀಜಕ್ಕೆ ಹೊಲದೂರಿನ ಹೆಸರು, ಹೊಲದೂರಿನದೇ ಬೀಜಕ್ಕೆ ಕಡಲೂರಿನ ಹೆಸರು! ಇಂಥ ಸಂಗತಿ ಕೈಯಲ್ಲೇ ಇರುವಾಗ ‘ಬಿಳಿ ಬಂಗಾರ’ವನ್ನು ಯಾಕೆ ಎರವಲು ತಂದಿರಿ?

ತಪ್ಪು ಮಾಹಿತಿಗೆ ನನಗೆ ಅಷ್ಟು ಸಿಟ್ಟಿಲ್ಲ, ಅದನ್ನು ತಿದ್ದಬಹುದು. ಸಿಟ್ಟು ಬಂದದ್ದು ‘ಎನ್ನಲಾಗಿದೆ’ಗೆ. ಆರು ಪುಟದಲ್ಲಿ ಹತ್ತೊಂಬತ್ತು ಸಲ ಬಂದಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದ್ದೇನೆ. ‘ಎನ್ನಲಾಗಿದೆ’, ‘ಪ್ರತೀತಿ ಇದೆ’, ‘ಬಲ್ಲವರ ಅಂಬೋಣ’, ‘ಬ್ರಿಟಿಷರ ದಾಖಲೆಗಳಲ್ಲೂ ಉಲ್ಲೇಖವಿದೆಯಂತೆ’. ಯಾವ ದಾಖಲೆ? ಮುಂಬಯಿ ಸರ್ಕಾರ 1883ರಲ್ಲಿ ಅಚ್ಚು ಹಾಕಿಸಿದ ಗೆಜೆಟಿಯರಿನ 15ನೇ ಸಂಪುಟ ಕೆನರಾ ಜಿಲ್ಲೆಯದು, ಅಂದರೆ ನಮ್ಮ ಉತ್ತರ ಕನ್ನಡದ್ದು, ಎರಡು ಭಾಗಗಳಲ್ಲಿದೆ. ನೀವು ಅದನ್ನು ಓದಿದ್ದರೆ ಪುಟದ ಸಂಖ್ಯೆ ಕೊಡಿ. ಓದದಿದ್ದರೆ ಓದಿ. ಬಂದರಿನಲ್ಲಿ ಯಾರೋ ಮುದುಕರು ಹೇಳಿದ್ದಾದರೆ, ಆ ಮುದುಕರು ಏನು ಕೆಲಸ ಮಾಡಿದವರು, ಎಲ್ಲಿ ಕೂತು ಹೇಳಿದರು ಎಂದು ಬರೆಯಿರಿ. ಹೇಳಿದವರನ್ನು ಮರೆಮಾಡಿದರೆ, ನಾಳೆ ಅದು ಸುಳ್ಳೆಂದು ತಿಳಿದಾಗ ತಿದ್ದುವುದಕ್ಕೆ ಯಾರ ಬಳಿ ಹೋಗಬೇಕೆಂದೇ ಗೊತ್ತಾಗುವುದಿಲ್ಲ.

ಮುಂದಿನ ವಾಕ್ಯ: “ಕಾಲನ ಹೊಡೆತಕ್ಕೆ ಸಿಕ್ಕಿ ಬಂದರಿನ ವೈಭವ ಕಣ್ಮರೆಯಾಯಿತು.”

ಕಾಲನನ್ನು ಇದರೊಳಗೆ ಎಳೆಯಬೇಡಿ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ಹೆಚ್ಚುಕಡಿಮೆ ನಿಂತುಹೋಯಿತು, ನಮ್ಮ ಗಿಡ್ಡ ಎಳೆಯ ಹತ್ತಿಗೂ ಎಲ್ಲಿಲ್ಲದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ನಡುವೆ 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹತ್ತಿ ವ್ಯಾಪಾರದವರ ಕಣ್ಣು ಗುಡ್ಡ, ನಡುಗಡ್ಡೆಗಳ ಮರೆಯಿರುವ ಕಾರವಾರದ ಮೇಲಿತ್ತು, ಜಿಲ್ಲಾ ಕೇಂದ್ರವೂ ಅದೇ ಆಯಿತು. ಕೊನೆಗೆ 1888ರಲ್ಲಿ ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದು ಮರ್ಮಗೋವಾ ಬಂದರಿಗೆ ರೈಲು ಓಡಿತು. ಎತ್ತಿನ ಕೊರಳ ಗಂಟೆ ದೇವಿಮನೆಯಲ್ಲಿ ಕಡಿಮೆಯಾಗುತ್ತ ಬಂದದ್ದಕ್ಕೆ ಇಷ್ಟೆಲ್ಲ ಕಾರಣಗಳಿವೆ. ಪ್ರತಿಯೊಂದಕ್ಕೂ ಇಸವಿ ಇದೆ. ಓದುಗನಿಗೆ ಆ ಇಸವಿ ಕೊಟ್ಟು ನೋಡಿ, ತನ್ನ ಮನೆಯ ಹಿರಿಯರ ವಯಸ್ಸನ್ನು ಅದರ ಪಕ್ಕ ಇಟ್ಟು ಲೆಕ್ಕ ಹಾಕತೊಡಗುತ್ತಾನೆ.

ಇಸವಿಯ ಮಾತು ಬಂತಲ್ಲ, ಈಗ ಐದನೇ ಪುಟಕ್ಕೆ ಬರೋಣ.

“ಅಂದಿನ ಜನರು ಸಜ್ಜನರು, ಸರಳ ಜೀವಿಗಳು, ಪರೋಪಕಾರಿಗಳು” ಎಂದು ಆ ಪುಟ ಶುರುವಾಗುತ್ತದೆ. ಒಬ್ಬ ವ್ಯಾಪಾರಿ ‘ದಾನಶೂರ’, ಒಬ್ಬ ಮಾಸ್ತರು ‘ಆದರ್ಶ ಶಿಕ್ಷಕ’, ಒಬ್ಬ ವೈದ್ಯರು ‘ಬಡವರ ಬಂಧು’. ಮೂವರ ಹೆಸರನ್ನು ಅದಲುಬದಲು ಮಾಡಿ ಓದಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಈ ಸಾಲು: “ನಮ್ಮ ಅಜ್ಜಿಯ ಅಜ್ಜನವರು ಅಮೆರಿಕದ ಯುದ್ಧಕಾಲದಲ್ಲಿ ಹತ್ತಿ ಸಾಗಾಟದಲ್ಲಿ ಮಹತ್ತರ ಸೇವೆ ಸಲ್ಲಿಸಿ ಜನಾನುರಾಗಿಯಾಗಿದ್ದರು. ಅವರ ಹೆಗಲ ಮೇಲೆ ಕಲ್ಲಿನಂತಹ ಗಂಟಿದ್ದು, ಬಾಲ್ಯದಲ್ಲಿ ಅದನ್ನು ಸ್ಪರ್ಶಿಸಿದ್ದನ್ನು 86ರ ಹರೆಯದ ಅಜ್ಜಿ ಇಂದಿಗೂ ಸ್ಮರಿಸುತ್ತಾರೆ.”

ನಾನು ನಿಂತದ್ದು ಇಲ್ಲಿ. ಆರು ಪುಟಗಳಲ್ಲಿ ಒಬ್ಬ ಮನುಷ್ಯನ ಮೈ ಕಾಣಿಸಿದ್ದು ಇದೊಂದೇ ಕಡೆ. ಭಾರ ಹೊತ್ತೂ ಹೊತ್ತೂ ದಡ್ಡುಗಟ್ಟಿದ ಹೆಗಲು, ಅದರ ಮೇಲೆ ಒಂದು ಪುಟ್ಟ ಹುಡುಗಿಯ ಕೈ. ನೀವು ಅದನ್ನು ‘ಮಹತ್ತರ ಸೇವೆ’ಯ ಕೆಳಗೆ ಹೂತುಬಿಟ್ಟಿದ್ದೀರಿ. ಆತ ಹಮಾಲಿಯಾಗಿದ್ದರೆ ಹಮಾಲಿ ಎಂದೇ ಬರೆಯಿರಿ. ಮಚವೆ ದೋಣಿಗೆ ಮೂಟೆ ಏರಿಸಿ ನಾಲ್ಕು ತಲೆಮಾರು ಬೆಳೆಸಿದವನನ್ನು ಜನಾನುರಾಗಿ ಮಾಡುವ ಅಗತ್ಯವಿಲ್ಲ.

ಈಗ ನನ್ನ ಜೊತೆ ಕೂತು ಲೆಕ್ಕ ಹಾಕಿ. ಅಜ್ಜಿಗೆ 86. ಆ ಹೆಗಲು ಮುಟ್ಟಿದಾಗ ಏಳೆಂಟು ವರ್ಷ ಅಂದರೆ, ಸ್ವಾತಂತ್ರ್ಯ ಬಂದ ಆಸುಪಾಸು. ಆಗ ಆತನಿಗೆ ಎಪ್ಪತ್ತೈದು ಎಂದು ಹಿಡಿಯಿರಿ, ಎಂಬತ್ತೇ ಎನ್ನಿ. ಹುಟ್ಟಿದ್ದು 1870ರ ಹಿಂದುಮುಂದು. ಅಮೆರಿಕದ ಯುದ್ಧ ಮುಗಿದಾಗ ಆತ ಹುಟ್ಟೇ ಇರಲಿಲ್ಲ. ಹೆಗಲು ಕೊಡುವ ಪ್ರಾಯಕ್ಕೆ ಬರುವ ಹೊತ್ತಿಗೆ ಮರ್ಮಗೋವಾದ ರೈಲು ಓಡುತ್ತಿತ್ತು. ಅಂದರೆ ಹತ್ತಿ ಊರು ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ಆತ ಧಕ್ಕೆಗೆ ಕೆಲಸಕ್ಕೆ ಬಂದವನು. ಹಾಗಿದ್ದರೆ ಆ ಹೆಗಲನ್ನು ಕಲ್ಲು ಮಾಡಿದ ಭಾರ ಯಾವುದು? ಸಾಣಿಕಟ್ಟೆಯ ಉಪ್ಪೋ? ಅಕ್ಕಿಯೋ? ತೆಂಗಿನಕಾಯಿಯೋ? ಮಂಗಳೂರು ಹಂಚೋ? ಹತ್ತಿಯ ಕಥೆಯನ್ನು ಆತ ತನ್ನ ಅಪ್ಪನಿಂದ ಕೇಳಿ ಮೊಮ್ಮಗಳಿಗೆ ದಾಟಿಸಿದ್ದನೋ?

ಕುಮಟೆಯ ವೈಭವವನ್ನು ಬರೆದವರು ಬಹಳ ಜನ ಇದ್ದಾರೆ. ವೈಭವ ಇಳಿಯುತ್ತಿದ್ದಾಗ ಬಂದರಿಗೆ ಬಂದು, ಮಳೆಗಾಲದ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತು, ನೂಲಹುಣ್ಣಿಮೆಯ ಮೇಲೆ ಕಡಲು ತಣಿಯುವುದನ್ನು ಕಾಯುತ್ತ ಒಂದು ಜನ್ಮ ಕಳೆದವನ ಬಗ್ಗೆ ನಾನು ಎಲ್ಲೂ ಓದಿಲ್ಲ. ಆತ ನಿಮ್ಮ ಮನೆಯಲ್ಲೇ ಇದ್ದ.

ನಾನು ಈ ಪಾಠ ಕಲಿತದ್ದು ಹುಬ್ಬಳ್ಳಿಯಲ್ಲಿ, ನಲವತ್ತು ವರ್ಷಗಳಿಗೂ ಹಿಂದೆ. ಪತ್ರಿಕೆಗೆ ಸೇರಿ ಮೂರು ತಿಂಗಳಾಗಿತ್ತು. ನನ್ನದು ಅಂಕೋಲೆಯ ಕಡೆ. 1930ರ ಏಪ್ರಿಲಿನಲ್ಲಿ ಅಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಮೇಲೆ ಒಂದು ಲೇಖನ ಬರೆದು ಹಿರಿಯರ ಮೇಜಿನ ಮೇಲಿಟ್ಟೆ. ‘ಅಸಂಖ್ಯ ಜನ ಕಡಲ ದಂಡೆಯಲ್ಲಿ ನೆರೆದಿದ್ದರು ಎನ್ನಲಾಗಿದೆ’ ಎಂದು ಶುರುವಾಗುತ್ತಿತ್ತು. ಅವರು ಕೆಂಪು ಶಾಯಿಯಲ್ಲಿ ಆ ಕೊನೆಯ ಪದವನ್ನು ಸುತ್ತು ಹಾಕಿ, “ಇದನ್ನ ನಿನಗ ಯಾರು ಹೇಳಿದ್ರೋ ತಮ್ಮಾ?” ಎಂದು ಕೇಳಿದರು. “ಎಲ್ಲರೂ ಹೇಳ್ತಾರೆ ಸರ್” ಅಂದೆ. “ಒಬ್ಬರನ್ನ ಹುಡುಕಿಕೊಂಡು ಬಾ” ಎಂದು ಬಸ್ಸಿನ ಚಾರ್ಜು ಕೈಗಿಟ್ಟರು.

ಅರಬೈಲು ಘಟ್ಟ ಇಳಿದು ಊರಿಗೆ ಹೋದೆ. ಎರಡು ದಿನ ಸುತ್ತಿದ ಮೇಲೆ ಒಬ್ಬ ಮುದುಕಿ ಸಿಕ್ಕಳು. ಸತ್ಯಾಗ್ರಹದ ಹೊತ್ತಿಗೆ ಹತ್ತು ವರ್ಷದ ಹುಡುಗಿ. ಭಾಷಣ, ಬಾವುಟ ಯಾವುದೂ ಅವಳಿಗೆ ನೆನಪಿರಲಿಲ್ಲ. ಕಡಲ ನೀರು ಕಾಯಿಸಲು ಅವಳ ತಾಯಿಯ ತಾಮ್ರದ ಹಂಡೆ ಒಯ್ದಿದ್ದರು, ಅದನ್ನು ಪೊಲೀಸರು ಎತ್ತಿಕೊಂಡು ಹೋದರು, ಮತ್ತೆ ಬರಲಿಲ್ಲ. ಮುಂದೆ ವರ್ಷಗಟ್ಟಲೆ ಮನೆಯಲ್ಲಿ ಮಣ್ಣಿನ ಮಡಕೆಯಲ್ಲೇ ಸ್ನಾನಕ್ಕೆ ನೀರು ಕಾಯಿಸಿದರಂತೆ. ಅದನ್ನು ಹೇಳುವಾಗ ಅವಳು ಎರಡೂ ಕೈ ಚಾಚಿ ಹಂಡೆಯ ಬಾಯಿ ಎಷ್ಟಗಲ ಇತ್ತೆಂದು ತೋರಿಸಿದಳು. ನಾನು ಬರೆದದ್ದು ಹದಿನೈದೇ ಸಾಲು. ನಮ್ಮ ಹಿರಿಯರು ಒಂದಕ್ಷರ ಮುಟ್ಟದೆ ಅಚ್ಚಿಗೆ ಕಳಿಸಿದರು.

ಆ ಹಂಡೆಗಾಗಿ ಅವಳ ತಾಯಿ ಯಾರನ್ನಾದರೂ ಕೇಳಿಕೊಂಡು ಹೋಗಿದ್ದಳೇ ಎಂದು ಕೇಳುವುದು ಆ ದಿನ ಮರೆತೇಹೋಗಿತ್ತು. ಮಳೆಗಾಲ ಕಳೆದ ಮೇಲೆ ಹೋದರಾಯಿತು ಅಂದುಕೊಂಡೆ. ಹೋದಾಗ ಮನೆಯ ಬಾಗಿಲಿಗೆ ಬೀಗ ಇತ್ತು. ಇವತ್ತಿಗೂ ಆ ಪ್ರಶ್ನೆ ನನ್ನಲ್ಲಿ ಹಾಗೇ ಉಳಿದಿದೆ.

ಆದ್ದರಿಂದ ಲೇಖನವನ್ನು ವಾಪಸು ಕಳಿಸುತ್ತಿದ್ದೇನೆ. ಐದನೇ ಪುಟದ ಆ ಎರಡು ವಾಕ್ಯಗಳನ್ನು ಇಟ್ಟುಕೊಂಡು ಉಳಿದದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಭಾನುವಾರವೇ ಅಜ್ಜಿಯ ಹತ್ತಿರ ಹೋಗಿ. ‘ಸ್ಮರಿಸುತ್ತಾರೆ’ ಎಂದು ನೀವು ಬರೆದಲ್ಲಿ ಅವರ ಬಾಯಿಂದ ಬಂದ ಮಾತು ಯಾವುದೋ ಅದನ್ನು ಹಾಗೆಯೇ ಬರೆದುಕೊಳ್ಳಿ, ಮನೆಮಾತು ಯಾವುದಿದ್ದರೂ ಸರಿ. ಆತ ಸಂಜೆ ಮನೆಗೆ ಬಂದಾಗ ಮೈಯಿಂದ ಏನು ವಾಸನೆ ಬರುತ್ತಿತ್ತು ಎಂದು ಕೇಳಿ. ಉಪ್ಪೋ, ಅಕ್ಕಿಯ ತೌಡೋ, ಅದರಿಂದಲೇ ಗೊತ್ತಾದೀತು. ಕೂಲಿ ದಿನಕ್ಕೋ ಮೂಟೆಗೋ ಕೇಳಿ. ಆ ಗಂಟು ಎಡ ಹೆಗಲ ಮೇಲಿತ್ತೋ ಬಲ ಹೆಗಲ ಮೇಲಿತ್ತೋ ಅದನ್ನೂ ಕೇಳಿ, ನೀವು ಬರೆದಿಲ್ಲ.

ಇಂತಿ,
ಸಂಪಾದಕ